ಅವರು ಹೇಳೋದೇನಂದ್ರೆ

ಆರತಕ್ಷತೆಯ ವೇದಿಕೆಯಲ್ಲಿ ಹುಡುಗನ ಅಪ್ಪನ ಕೈಗೆ ಮೈಕ್ ಕೊಟ್ಟು ನೋಡಿ. ಗಂಟಲು ಸರಿಮಾಡಿಕೊಳ್ಳುತ್ತಾನೆ, ಶಾಲು ಎಳೆದುಕೊಳ್ಳುತ್ತಾನೆ, "ಎಲ್ರೂ ಬಂದಿದೀರ…" ಅನ್ನುವಷ್ಟರಲ್ಲಿ ಕಣ್ಣು ತುಂಬಿ ನಿಂತುಬಿಡುತ್ತಾನೆ. ಆಗ ಪಕ್ಕದಿಂದ ಒಂದು ಕೈ ಬಂದು ಮೈಕನ್ನು ಮೆಲ್ಲಗೆ ಬಿಡಿಸಿಕೊಳ್ಳುತ್ತದೆ. "ಅವರು ಹೇಳೋದೇನಂದ್ರೆ…" ಎಂದು ತುಂಬು ಗಂಟಲೊಂದು ಶುರುಮಾಡುತ್ತದೆ. ಹುಡುಗನ ಅಪ್ಪನ ತಲೆಯಲ್ಲಿ ಎಂದೂ ಹುಟ್ಟದ ಮಾತುಗಳು ಅವನ ಹೆಸರಿನಲ್ಲಿ ಸಭೆಯ ಮೇಲೆ ಸುರಿಯುತ್ತವೆ. ಜನ ಚಪ್ಪಾಳೆ ತಟ್ಟುತ್ತಾರೆ. ತಾನು ಇಷ್ಟು ಚೆನ್ನಾಗಿ ಮಾತಾಡಿದೆನೇ ಎಂದು ಹುಡುಗನ ಅಪ್ಪನೂ ತಟ್ಟುತ್ತಾನೆ.

ಆ ಗಂಟಲು ಚನ್ನವೀರೇಶನದು. ರಾಣೆಬೆನ್ನೂರಿನವನು, ಬಸವೇಶ್ವರನಗರದಲ್ಲಿ ಬಾಡಿಗೆ ಮನೆ. ವಿಜಯನಗರ, ರಾಜಾಜಿನಗರ, ಮಾಗಡಿ ರಸ್ತೆಯ ಕಲ್ಯಾಣಮಂಟಪಗಳಲ್ಲಿ ನಿರೂಪಣೆ ಮಾಡುವುದೇ ಅವನ ಅನ್ನ. ಇನ್ನೊಬ್ಬರು ಮಾತಿಗಾಗಿ ತಡವರಿಸುವಾಗ ಸುಮ್ಮನೆ ನಿಂತಿರುವುದು ಅವನಿಂದಾಗದು. ಅದು ಕಸುಬಷ್ಟೇ ಆಗಿ ಮಂಟಪದಲ್ಲೇ ಉಳಿದಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಕಸುಬು ಅವನ ಜೊತೆ ಮನೆಗೂ ಬಂತು.

ಹೆಂಡತಿ ಸೌಂದರ್ಯಾ ಅವನಿಗೆ ಪೂರ್ತಿ ತದ್ವಿರುದ್ಧ. ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದಳು. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಅರ್ಧ ಆಯುಷ್ಯ ಕಳೆದಿದ್ದರಿಂದ ಮಾತು ಕಡಿಮೆ. ಇದ್ದ ಮಾತೂ ಕತ್ತರಿಯ ಹಾಗೆ. "ತೋಳು ಬಿಗಿ ಆಯ್ತು ಅಂತ ನನ್ನ ಬೈಬೇಡಿ, ಹೋದ್ ವರ್ಷದ ಅಳತೆ ಕೊಟ್ಟೋರು ನೀವು" ಎಂದು ಗಿರಾಕಿಯ ಮುಖಕ್ಕೇ ಹೇಳುವವಳು. ಆರು ವರ್ಷದ ಕೆಳಗೆ ಒಂದು ಬೆಳಗ್ಗೆ ಮಷೀನಿನ ಮುಂದೆಯೇ ಕುಸಿದಳು. ಮಿದುಳಿನ ಬುಡದಲ್ಲಿ ರಕ್ತ ಕಟ್ಟಿತ್ತು. ಜೀವ ಉಳಿಯಿತು. ಕೈ, ಕಾಲು, ನಾಲಿಗೆ, ನುಂಗುವ ಗಂಟಲು ಯಾವುದೂ ಉಳಿಯಲಿಲ್ಲ. ಕಣ್ಣಿನ ಗುಡ್ಡೆ ಮೇಲೆ ಕೆಳಗೆ ಆಡುತ್ತಿತ್ತು, ರೆಪ್ಪೆ ಮುಚ್ಚುತ್ತಿತ್ತು. ಒಳಗಿನ ಸೌಂದರ್ಯಾ ಮಾತ್ರ ಪೂರ್ತಿ ಹಾಗೇ ಇದ್ದಳು. ಎಲ್ಲ ಕೇಳುತ್ತಿತ್ತು, ಎಲ್ಲ ತಿಳಿಯುತ್ತಿತ್ತು.

ಚನ್ನವೀರೇಶ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಕೆಟ್ಟವನಾಗಿದ್ದರೆ ಈ ಕತೆ ಸುಲಭವಾಗುತ್ತಿತ್ತು. ಮೂಗಿನ ನಳಿಕೆಯಲ್ಲಿ ಗಂಜಿ ಹಾಕಿದ, ಹೊರಳಿಸಿ ಮಲಗಿಸಿದ, ಬೆನ್ನಲ್ಲಿ ಒಂದು ಹುಣ್ಣು ಏಳಲು ಬಿಡಲಿಲ್ಲ. ದಿನಾ ಬೆಳಗ್ಗೆ ಹಣೆಗೆ ವಿಭೂತಿ ಹಚ್ಚಿ, ಅವಳ ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ಬೀಳದ ಹಾಗೆ ಕೆಳಗೆ ತನ್ನ ಕೈ ಕೊಟ್ಟು ಪೂಜೆ ಮಾಡಿಸಿದ. ಆಸ್ಪತ್ರೆಯವರು ಹೇಳಿಕೊಟ್ಟ ಹಾಗೆ ಅಕ್ಷರ ಓದಿ ಮಾತಾಡಿಸುವುದನ್ನೂ ಕಲಿತ. ಮೊದಲು ಸಾಲು: ಅ ಸಾಲಾ? ಕ ಸಾಲಾ? ಚ ಸಾಲಾ? ಬೇಕಾದ ಸಾಲಿಗೆ ಅವಳು ಕಣ್ಣು ಮೇಲೆತ್ತಬೇಕು. ಆಮೇಲೆ ಆ ಸಾಲಿನ ಅಕ್ಷರ, ಆಮೇಲೆ ಅದಕ್ಕೆ ಕೊಂಬೋ ಇಳಿಯೋ. ಕಣ್ಣು ಮೇಲೆ ಹೋದರೆ ಹೌದು, ಎರಡೂ ಕಣ್ಣು ಮುಚ್ಚಿದರೆ ಅಲ್ಲ.

ಒಂದು ಪದಕ್ಕೆ ಒಂದು ಹೊತ್ತು ಬೇಕು. ನಿರೂಪಕನಿಗೆ ಅಷ್ಟು ತಾಳ್ಮೆ ಎಲ್ಲಿ? ಮೊದಲ ಅಕ್ಷರಕ್ಕೇ ಅವನಿಗೆ ಗೊತ್ತಾಗಿಬಿಡುತ್ತಿತ್ತು. "ನೀ… ನೀರಾ? ನೀರಲ್ವಾ? ಸರಿ, ನೀರು." ಅವಳು ಕಣ್ಣು ಮುಚ್ಚುತ್ತಿದ್ದಳು. "ಆಯ್ತು, ಸುಸ್ತಾಯ್ತಾ? ಮಲಗು" ಅನ್ನುತ್ತಿದ್ದ. ಮೊದಮೊದಲು ಅವಳು ಕಣ್ಣನ್ನು ಬಿಗಿಯಾಗಿ, ಹಣೆ ಸುಕ್ಕಾಗುವಂತೆ ಮುಚ್ಚುತ್ತಿದ್ದಳು. ಬರುಬರುತ್ತ ಅದನ್ನೂ ಬಿಟ್ಟಳು. ಸುಮ್ಮನೆ ಸೂರು ನೋಡುತ್ತಿದ್ದಳು. ಚನ್ನವೀರೇಶ ಅದನ್ನು ಒಪ್ಪಿಗೆ ಎಂದುಕೊಂಡ.

ಹೀಗೆ ಸೌಂದರ್ಯಾ ಮಾತಾಡತೊಡಗಿದಳು. ಎಂಥ ಮಾತು ಅಂತೀರಿ! "ನೋವೂ ಪ್ರಸಾದವೇ." "ಕೊಟ್ಟವನಿಗೆ ಗೊತ್ತು ಕಿತ್ತುಕೊಂಡದ್ದೇಕೆಂದು." ಇಂಥವು ದಿನಾ ಬೆಳಗ್ಗೆ ಅವಳ ಫೋಟೋದ ಕೆಳಗೆ ವಾಟ್ಸಾಪಿನಲ್ಲಿ ಹರಿದಾಡಿದವು. ಮದುವೆಗಳಲ್ಲಿ ಕೊನೆಗೊಮ್ಮೆ ದನಿ ತಗ್ಗಿಸಿ, "ನನ್ನ ಮನೆಯಾಕೆ ಇವತ್ತು ಕಣ್ಣಲ್ಲೇ ಒಂದು ಮಾತು ಹೇಳಿ ಕಳಿಸಿದ್ದಾಳೆ" ಎಂದರೆ ಕಲ್ಯಾಣಮಂಟಪವೇ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿತ್ತು. ಹಾಸಿಗೆ ಹಿಡಿದ ಹೆಂಗಸು ಸಿಡುಕಬಾರದು, ಬೈಯಬಾರದು, ಫ್ಯಾನು ಜೋರಾಯಿತು ಎನ್ನಬಾರದು, ಶರಣೆಯಾಗಬೇಕು. ಇದು ನಮ್ಮೆಲ್ಲರ ಬೇಡಿಕೆ. ಚನ್ನವೀರೇಶ ಪೂರೈಸಿದ.

ಮನೆಯ ಮಾಲೀಕರ ಹೆಂಡತಿ ವಿಮಲಮ್ಮ ಮೇಲಿನ ಮಹಡಿಯವರು. ಬಸವೇಶ್ವರನಗರ ಬಡಾವಣೆಯಾಗುವ ಮೊದಲು ಅಲ್ಲೇ ರಾಗಿ ಬೆಳೆದ ಮನೆತನ. ಒಮ್ಮೆ ಕೇಳಿಯೇ ಬಿಟ್ಟರು: "ಅಲ್ಲ ಸಾರ್, ಸೌಂದರ್ಯ ಹಿಂಗೆಲ್ಲ ಮಾತಾಡೋಳಲ್ವಲ್ಲ? ನನ್ ರವಿಕೆ ಕೊಡುವಾಗ 'ಊಟ ಕಮ್ಮಿ ಮಾಡಿ ಆಂಟಿ' ಅಂದೋಳು."

"ಕಷ್ಟ ಮನುಷ್ಯರನ್ನ ಬದಲಾಯಿಸುತ್ತೆ ಮೇಡಂ."

"ಇರ್ಬೋದಪ್ಪ" ಎಂದು ವಿಮಲಮ್ಮ ಮೇಲೆ ಹೋದರು. ಮರುದಿನದ ಸುಭಾಷಿತವನ್ನು ಅವರೂ ತಂಗಿಗೆ ಕಳಿಸಿದರು.

ಇಷ್ಟೇ ಆಗಿದ್ದರೆ ಬಿಡಿ. ಮಗಳು ಕೋಕಿಲಾಗೆ ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಓದಲು ಸೀಟು ಸಿಕ್ಕಿತು. ಬೀದಿಯ ನಾಯಿಗಳಿಗೆಲ್ಲ ಹೆಸರಿಟ್ಟು ಬೆಳೆದ ಹುಡುಗಿ, ಅವತ್ತು ಕುಣಿದಾಡಿದಳು. ಆ ರಾತ್ರಿ ಚನ್ನವೀರೇಶನಿಗೆ ನಿದ್ದೆ ಬರಲಿಲ್ಲ. ಮರುದಿನ ಅವನು ಹೆಂಡತಿಯ ಪಕ್ಕ ಕೂತು ಅಕ್ಷರ ಓದಿದ. ಈಚೆ ಬಂದು ಮಗಳಿಗೆ ಹೇಳಿದ: "ಅವ್ವ ಬೇಡ ಅಂತಿದಾಳೆ ಕಣೇ. ನೀನು ಕಣ್ಣ ಮುಂದೆ ಇರ್ಬೇಕಂತೆ."

ಕೋಕಿಲಾ ಒಳಗೆ ಓಡಿದಳು. "ಅವ್ವಾ, ನೀನು ಹೇಳಿದ್ದಾ? ಹೋಗ್ಬೇಡ ಅಂದ್ಯಾ?"

ಸೌಂದರ್ಯಾ ಎರಡೂ ಕಣ್ಣು ಮುಚ್ಚಿದಳು. ಬಿಗಿಯಾಗಿ. ಹಣೆ ಸುಕ್ಕಾಯಿತು, ಕಣ್ಣಂಚಿನಿಂದ ನೀರಿಳಿಯಿತು.

ಬಾಗಿಲಲ್ಲಿ ನಿಂತಿದ್ದ ಚನ್ನವೀರೇಶ, "ಬಿಡು ಕಣೇ, ಪಾಪ. ಸುಸ್ತಾಗಿದೆ, ಅಳು ಬರ್ತಿದೆ ಅವಳಿಗೆ" ಎಂದ.

ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿದ್ದದ್ದರ ಮೇಲೆ ಒಂದು ಒಳ್ಳೆಯ ಮಾತನ್ನು ಹೊದಿಸುವುದು ಅವನಿಗೆ ಅಭ್ಯಾಸವಾಗಿತ್ತು, ಅಷ್ಟೇ.

ಕೋಕಿಲಾ ರಾಜಾಜಿನಗರದ ಕಾಲೇಜಿನಲ್ಲಿ ಬಿ.ಕಾಂ. ಸೇರಿದಳು. ಜಗಳ ಮಾಡಲಿಲ್ಲ. ಅವ್ವನ ಬಟ್ಟೆ ಒಗೆದಳು, ಹಾಸಿಗೆ ಝಾಡಿಸಿದಳು. ಆದರೆ ಅವ್ವನ ಪಕ್ಕ ಕೂರುವುದನ್ನು ನಿಲ್ಲಿಸಿದಳು, ಮುಖ ನೋಡುವುದನ್ನೂ. ಅವಳು ಕೋಣೆಗೆ ಬಂದು ಹೋಗುವ ತನಕ ಸೌಂದರ್ಯಾಳ ಕಣ್ಣು ಕಾಲಿನ ನೇರಕ್ಕಿದ್ದ ಬಾಗಿಲಲ್ಲೇ ನೆಟ್ಟಿರುತ್ತಿತ್ತು. ಬಿ.ಕಾಂ. ಕೊನೆಯ ವರ್ಷಕ್ಕೆ ಬಂದರೂ ಹೀಗೇ.

ಹೋದ ವರ್ಷ ಸೌಂದರ್ಯಾಳ ಕಣ್ಣೂ ಸೋಲತೊಡಗಿತು. ನಾಲ್ಕು ಅಕ್ಷರಕ್ಕೇ ಗುಡ್ಡೆ ನಡುಗುತ್ತಿತ್ತು. ಒಂದು ಸಂಶೋಧನಾ ಸಂಸ್ಥೆ ಇಂಥವರಿಗೆಂದೇ ಯಂತ್ರವೊಂದನ್ನು ಪರೀಕ್ಷಿಸುತ್ತಿದೆ ಎಂದು ಹೇಳಿ ಆಸ್ಪತ್ರೆಯವರು ಚನ್ನವೀರೇಶನನ್ನು ಅಲ್ಲಿಗೆ ಕಳಿಸಿದರು. ಅಲ್ಲಿಂದ ಬಂದವಳು ಅನಂತಲಕ್ಷ್ಮಿ. ತಂದದ್ದು ಈಜುವವರ ಟೋಪಿಯಂಥ ಒಂದು ಟೋಪಿ, ಅದರ ತುಂಬ ಗುಂಡಿಗಳು, ಗುಂಡಿಗಳೊಳಗೆ ತಣ್ಣನೆಯ ಅಂಟು. ಕಿವಿಯಲ್ಲಿ ಯಂತ್ರ ಅಕ್ಷರ ಹೇಳುತ್ತ ಹೋಗುತ್ತದೆ. ಬೇಕಾದ ಅಕ್ಷರ ಕೇಳಿದಾಗ ಮಿದುಳು ತಾನಾಗಿ ಒಂದು ಚೂರು ಬೆಚ್ಚುತ್ತದೆ. ಟೋಪಿ ಅದನ್ನು ಹಿಡಿಯುತ್ತದೆ. ಒಂದೇ ಸಲಕ್ಕೆ ನಂಬುವುದಿಲ್ಲ. ಮತ್ತೆ ಮತ್ತೆ ಹೇಳಿ, ಪ್ರತಿ ಸಲವೂ ಅದೇ ಅಕ್ಷರಕ್ಕೆ ಬೆಚ್ಚಿದರಷ್ಟೇ ಅದು ಪರದೆಯ ಮೇಲೆ ಬರುತ್ತದೆ. ತಪ್ಪಾದರೆ ಅಳಿಸುವುದಕ್ಕೂ ದಾರಿಯಿದೆ.

"ನಾನು ಮಾಡೋದೂ ಅದೇ ಅಲ್ವಾ ಮೇಡಂ?" ಎಂದು ಚನ್ನವೀರೇಶ ನಕ್ಕ.

"ಅದೇ ಸಾರ್. ಇದು ಊಹೆ ಮಾಡಲ್ಲ, ಅಷ್ಟೇ."

ಕಿವಿಯೊಳಗಿನ ಅಕ್ಷರಗಳಿಗೆ ಯಾರ ದನಿ ಎಂಬ ಪ್ರಶ್ನೆ ಬಂದಾಗ ಅವನು ಎದೆಯುಬ್ಬಿಸಿದ. "ನಂದೇ ತಗೊಳ್ಳಿ. ಇಪ್ಪತ್ತೆರಡು ವರ್ಷದಿಂದ ಅವಳು ಕೇಳಿರೋ ದನಿ." ಅಕ್ಷರಮಾಲೆಯನ್ನು ವೇದಿಕೆಯ ಗತ್ತಿನಲ್ಲಿ ಹೇಳಿಕೊಟ್ಟ. ಒಂದು ವಾರ ಕಳೆದರೂ ಯಂತ್ರಕ್ಕೆ ಏನೂ ಹಿಡಿಯಲು ಸಿಗಲಿಲ್ಲ. ಸೌಂದರ್ಯಾಳ ಮಿದುಳು ಯಾವ ಅಕ್ಷರಕ್ಕೂ ಬೆಚ್ಚಲಿಲ್ಲ. ಅನಂತಲಕ್ಷ್ಮಿ ತಲೆ ಕೆರೆದುಕೊಂಡಳು, ಟೋಪಿ ಬದಲಿಸಿದಳು, ಅಂಟು ಬದಲಿಸಿದಳು. ಕೊನೆಗೆ ದನಿ ಬದಲಿಸಿದಳು. ತಮ್ಮ ಆಫೀಸಿನ ಯಾರೋ ಹುಡುಗಿ, ಬಸ್ಸಿನಲ್ಲಿ ನಿಲ್ದಾಣದ ಹೆಸರು ಕೂಗುವಂಥ ಚಪ್ಪಟೆ ದನಿ. ಮಧ್ಯಾಹ್ನದೊಳಗೆ ಪರದೆಯ ಮೇಲೆ ಅಕ್ಷರ ಬಂತು.

"ಏನಾಗಿತ್ತು ಹಾಗಾದ್ರೆ?" ಚನ್ನವೀರೇಶ ಕೇಳಿದ.

ಅನಂತಲಕ್ಷ್ಮಿ ತಂತಿ ಸುತ್ತುತ್ತ, "ನಿಮ್ ದನಿ ಬಂದ್ರೆ ಅವ್ರು ಕೇಳಿಸ್ಕೊಳ್ಳೋದೇ ಇಲ್ಲ ಅನ್ಸುತ್ತೆ ಸಾರ್" ಎಂದಳು. ಚುಚ್ಚಬೇಕೆಂದು ಹೇಳಿದ್ದಲ್ಲ, ಹವಾಮಾನ ಹೇಳಿದ ಹಾಗೆ ಹೇಳಿದಳು. ಅದಕ್ಕೇ ಅದು ಅವನೊಳಗೆ ಮುಳ್ಳಿನ ತುದಿಯಂತೆ ಮುರಿದು ಉಳಿಯಿತು.

ಆಮೇಲೆ ಅಭ್ಯಾಸದ ಹೊತ್ತಿಗೆ ಅವನನ್ನು ಕೋಣೆಯಿಂದ ಹೊರಗೆ ಕೂರಿಸಿದರು. ಕೋಕಿಲಾ ಆಗ ಕಾಲೇಜಿನಲ್ಲಿರುತ್ತಿದ್ದಳು. "ಇವತ್ತೇನು ಬರೆದ್ಲು?" ಎಂದರೆ ಅನಂತಲಕ್ಷ್ಮಿ, "ಅದು ಅವರ ಮಾತು ಸಾರ್, ನಾನು ಹೇಳೋ ಹಾಗಿಲ್ಲ" ಎನ್ನುತ್ತಿದ್ದಳು. ತನ್ನ ಮನೆಯಲ್ಲಿ, ತನ್ನ ಹೆಂಡತಿಯ ಮಾತು, ತನಗೇ ಇಲ್ಲ! ಅದನ್ನು ಮರೆಯಲು ಅವನಿಗೆ ಗೊತ್ತಿದ್ದದ್ದು ಒಂದೇ ದಾರಿ. ಜನ ಸೇರಿಸಿ ಅವಳ ಮೊದಲ ಮಾತು ತೋರಿಸುವ ಕಾರ್ಯಕ್ರಮ ಇಟ್ಟುಕೊಂಡ.

ಅನಂತಲಕ್ಷ್ಮಿ ಬೇಡವೆಂದಳು. ಗಲಾಟೆಯಲ್ಲಿ ಯಂತ್ರ ನಡೆಯದು, ಜನ ಬೇಡ ಎಂದಳು. ಮರುದಿನ ಯಾಕೋ, "ಅವ್ರು ಒಪ್ಪಿದಾರೆ. ಮನೆಯಲ್ಲೇ ಮಾಡಿ, ಸ್ವಲ್ಪ ಜನ. ಮೈಕ್ ಮಾತ್ರ ಬೇಡ" ಎಂದಳು. ಒಪ್ಪಿದಾಳಂತೆ! ಚನ್ನವೀರೇಶನ ಮುಖ ಅರಳಿತು.

ಭಾನುವಾರ ಬೆಳಗ್ಗೆ ನಡುಮನೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳು ತುಂಬಿದವು. ಸೌಂದರ್ಯಾಳನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಇಳಕಲ್ ಸೀರೆ ಉಡಿಸಿದ್ದರು. ಹೆಂಗಸರು ಒಬ್ಬೊಬ್ಬರೇ ಬಂದು ಕೊಬ್ಬರಿ, ಅಕ್ಕಿ ಹಾಕಿ ಉಡಿ ತುಂಬಿದರು, ಕಾಲು ಮುಟ್ಟಿದರು. ಸೌಂದರ್ಯಾ ಅವರ ತಲೆಗಳ ಮೇಲಿನಿಂದ ಆಚೆ ನೋಡುತ್ತಿದ್ದಳು. ಹಿಂದಿನ ಸಾಲಿನಲ್ಲಿ ಕೋಕಿಲಾ, ಬಾಗಿಲ ಹತ್ತಿರ, ಅರ್ಧ ಹೊರಗೆ. ಅಡುಗೆಮನೆಯಲ್ಲಿ ಶ್ರೀಶೈಲ ಉಪ್ಪಿಟ್ಟು, ಕೇಸರಿಬಾತ್ ಇಳಿಸಿದ್ದ; ಚನ್ನವೀರೇಶನ ಎಲ್ಲ ಮದುವೆಗಳಿಗೂ ಅಡುಗೆ ಅವನದೇ.

ಮೈಕಿಲ್ಲದಿದ್ದರೂ ಚನ್ನವೀರೇಶ ಮೈಕ್ ಹಿಡಿದವನ ಹಾಗೇ ಕೈ ಮಡಿಸಿ ನಿಂತ. "ಆರು ವರ್ಷದ ಮೌನ ಇವತ್ತು ಮುರೀತಿದೆ ಬಂಧುಗಳೇ…"

"ಸಾರ್, ಸ್ವಲ್ಪ ಸುಮ್ನಿರ್ತೀರಾ?" ಅನಂತಲಕ್ಷ್ಮಿ ಅಂದಳು.

ಹೊಸದಾಗಿ ತರಿಸಿದ್ದ ದೊಡ್ಡ ಪರದೆಯ ಮೇಲೆ ಬಹಳ ಹೊತ್ತು ಏನೂ ಇರಲಿಲ್ಲ. ಫ್ಯಾನಿನ ಸದ್ದು. ಆಮೇಲೆ ಒಂದೇ ಅಕ್ಷರ: ಕೋ.

ಚನ್ನವೀರೇಶನ ನಾಲಿಗೆ ತಡೆಯಲಿಲ್ಲ. "ಕೋಟಿ! ಬಂದಿರೋ ನಿಮಗೆಲ್ಲ ಕೋಟಿ ಕೋಟಿ ವಂದನೆ ಅಂತಿದಾಳೆ!"

ಚಪ್ಪಾಳೆ ಬಿತ್ತು. ಎರಡನೆಯ ಅಕ್ಷರ ಬಂತು: ಕಿ. ಯಾರೋ ಕಿಸಕ್ಕೆಂದರು. "ಓಹೋ, ಮಗಳ ಹೆಸರು! ನೋಡಿ, ತಾಯಿ ಕರುಳು" ಎಂದು ಅವನು ಸಾವರಿಸಿಕೊಂಡ. ಬಾಗಿಲ ಹತ್ತಿರ ಕೋಕಿಲಾ ನೆಟ್ಟಗೆ ನಿಂತಳು.

ಮತ್ತೆ ಕಾಯುವಿಕೆ. ಜನ ಕುರ್ಚಿಯಲ್ಲಿ ಹೊರಳಾಡಿದರು. "ಇನ್ನೂ ಎಷ್ಟೊತ್ತಂತೆ?" "ತಿಂಡಿ ಆರೋಗುತ್ತಲ್ರೀ." ಹೆಂಗಸೊಬ್ಬಳು ಆರು ವರ್ಷದ ನಂತರ ಬಾಯಿ ತೆರೆಯುತ್ತಿದ್ದಾಗ ಅವಳ ಕಾಲು ಮುಟ್ಟಿದವರಿಗೆ ಕೇಸರಿಬಾತಿನ ಚಿಂತೆ.

ಶಿ, ಎಂದಿತು ಪರದೆ.

"ಶಿವ! ಶಿವನ ಹೆಸರು ಹೇಳ್ತಿದಾಳೆ" ಎಂದ ಚನ್ನವೀರೇಶ. ಮುಂದಿನ ಸಾಲಿನ ಮುದುಕಿಯೊಬ್ಬಳು ಕೈ ಮುಗಿದಳು. ವ ಬಂತು. ಅವನು ಗೆದ್ದವನ ಹಾಗೆ ಸುತ್ತ ನೋಡಿದ. ಆಮೇಲೆ ಮೊ ಬಂತು.

ಬಾಯಿ ತೆರೆದದ್ದು ಹಾಗೇ ಉಳಿಯಿತು. ಈ ಮಾತು ಎಲ್ಲಿಗೆ ಹೋಗುತ್ತದೆಂದು ಆ ಕೋಣೆಯಲ್ಲಿ ಊಹಿಸಬಲ್ಲವನು ಅವನೊಬ್ಬನೇ. ಮೊಟ್ಟಮೊದಲ ಬಾರಿಗೆ ಅವನ ಊಹೆ ಸರಿಯಿತ್ತು. ಮೊಟ್ಟಮೊದಲ ಬಾರಿಗೆ ಅವನು ಅದನ್ನು ಹೇಳಲಿಲ್ಲ. ಪರದೆಯ ತಂತಿ ಅವನ ಕಾಲ ಬಳಿಯೇ ಇತ್ತು. ಕಾಲು ಸ್ವಲ್ಪ ಸರಿಯಿತು ಕೂಡ.

"ಸುಸ್ತಾಗಿದೆ ಅವಳಿಗೆ" ಎಂದ ಸಭೆಗೆ. ದನಿ ತನ್ನದಲ್ಲ ಅನ್ನಿಸುವಷ್ಟು ತೆಳ್ಳಗಿತ್ತು. "ಇಲ್ಲಿಗೆ ಸಾಕು, ಎಲ್ರೂ ತಿಂಡಿಗೆ…"

"ಅಪ್ಪಾ."

ಕೋಕಿಲಾ ಕುರ್ಚಿಗಳ ನಡುವಿನಿಂದ ಬಂದು ಅವ್ವನ ಪಕ್ಕ ನಿಂತಿದ್ದಳು. "ಕೂತ್ಕೊಳ್ಳಿ."

ಅವನು ಕೂತ. ಅಕ್ಷರಗಳು ತಮ್ಮ ಪಾಡಿಗೆ ತಾವು ಬಂದವು. ಅವಸರವಿಲ್ಲ, ಕೋಪವಿಲ್ಲ. ಒಮ್ಮೆ ತಪ್ಪು ಅಕ್ಷರ ಬಂದಾಗ ಸೌಂದರ್ಯಾ ಅಳಿಸಿದಳು, ಸರಿಯಾದ್ದನ್ನು ಹಾಕಿದಳು. ಹೊಲಿಗೆ ಬಿಚ್ಚಿ ಮತ್ತೆ ಹಾಕಿದ ಹಾಗೆ. ಉಪ್ಪಿಟ್ಟು ಪೂರ್ತಿ ಆರಿದ ಹೊತ್ತಿಗೆ ಪರದೆಯ ಮೇಲೆ ಇಷ್ಟಿತ್ತು:

ಕೋಕಿ ಶಿವಮೊಗ್ಗ ಬೇಡ ಅಂದಿದ್ದು ನಾನಲ್ಲ

ಬಂದವರಲ್ಲಿ ಹೆಚ್ಚಿನವರಿಗೆ ಅರ್ಥವಾಗಲಿಲ್ಲ. "ಏನಂತೆ? ಶಿವಮೊಗ್ಗದಲ್ಲೇನಂತೆ?" ಆದರೆ ಕೋಕಿಲಾ ಗಾಲಿಕುರ್ಚಿಯ ಮುಂದೆ ಕುಸಿದು, ಅವ್ವನ ಉಡಿಯಲ್ಲಿನ ಅಕ್ಕಿ ಕೊಬ್ಬರಿಯೆಲ್ಲ ಚೆಲ್ಲಿಹೋಗುವಂತೆ ಮುಖ ಹುದುಗಿಸಿದ್ದು, ಚನ್ನವೀರೇಶ ನೆಲ ನೋಡುತ್ತಿದ್ದದ್ದು, ಇಷ್ಟನ್ನು ನೋಡಿ ಅರ್ಥವಾಗಬೇಕಾದಷ್ಟು ಆಯಿತು. ಜನ ಚಪ್ಪಲಿ ಹುಡುಕಿದರು. ಯಾರೂ ಅವನ ಮುಖ ನೋಡಲಿಲ್ಲ. ಶ್ರೀಶೈಲ ಪಾತ್ರೆ ಮುಚ್ಚುತ್ತ, "ಗುರು, ಇದನ್ನ ಏನ್ ಮಾಡ್ಲಿ?" ಎಂದು ಕೇಳಿದ.

ವಿಮಲಮ್ಮ ಮಾತ್ರ ಬಾಗಿಲಲ್ಲಿ ತಡೆದು ನಿಂತರು. "ನಂಗೆ ಅವತ್ತೇ ಅನ್ಸಿತ್ತು ಸಾರ್, ಇದು ಅವಳ ಮಾತಲ್ಲ ಅಂತ. ಆದ್ರೂ ಎಲ್ರಿಗೂ ಕಳಿಸ್ದೆ" ಎಂದು ಸೆರಗು ಬಾಯಿಗೆ ಒತ್ತಿಕೊಂಡರು. "ಥೂ, ನಮ್ ಜನ್ಮಕ್ಕೆ." ಆ ಥೂ ಅವನೊಬ್ಬನಿಗೇ ಅಲ್ಲ ಎಂಬುದೇ ಅವನಿಗೆ ಇನ್ನೂ ಕಷ್ಟವಾಯಿತು. ಒಬ್ಬನಿಗೇ ಬಿದ್ದಿದ್ದರೆ ಒರೆಸಿಕೊಳ್ಳಬಹುದಿತ್ತು.

ಅನಂತಲಕ್ಷ್ಮಿ ಟೋಪಿ ತೆಗೆದು ಸೌಂದರ್ಯಾಳ ಕೂದಲಿನ ಅಂಟು ಒರೆಸುತ್ತಿದ್ದಳು. "ದನಿ ಬದಲಿಸಿದ ವಾರವೇ ಬರೆದಿದ್ರು" ಎಂದಳು, ಅವನತ್ತ ತಿರುಗದೆ. "ಮಗಳನ್ನ ಕರೀಲಾ ಅಂದೆ. ಬೇಡ ಅಂದ್ರು. ನೀವು ಕಾರ್ಯಕ್ರಮ ಅಂದ್ಮೇಲೆ, ಜನ ಸೇರಲಿ ಅಂದ್ರು. ಮಗಳೊಬ್ಳೇ ಇದ್ರೆ ನೀವು ನಿಮ್ದೇ ಅರ್ಥ ಹೇಳ್ಬಿಡ್ತೀರಂತೆ."

ಸಂಜೆ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದಾಗ ಕೋಕಿಲಾ ಎದುರಿಗೆ ಬಂದಳು. ಕಣ್ಣು ಊದಿತ್ತು.

"ಅವತ್ತು ನಾನು ಕೇಳ್ದೆ. ಅವಳು ಕಣ್ಣು ಮುಚ್ಚಿದ್ಲು. ಅಲ್ಲ ಅಂದ್ಲು. ನೀವು ಸುಸ್ತು ಅಂದ್ರಿ."

ಅವನು ಇನ್ನೊಂದು ಕುರ್ಚಿ ಎತ್ತಿಕೊಂಡ.

"ಹೇಳಿ ಅಪ್ಪಾ. ಊರಿಗೆಲ್ಲ ಹೇಳ್ತೀರಲ್ಲ. ಒಂದ್ಸಲ ನಿಮ್ ಮಾತು ನೀವೇ ಹೇಳಿ."

ಅವನು ಮದುವೆಮನೆಯ ಹುಡುಗನ ಅಪ್ಪಂದಿರ ಹಾಗೆ ಗಂಟಲು ಸರಿಮಾಡಿಕೊಂಡ. ಮೈಕು ಬಿಡಿಸಿಕೊಳ್ಳಲು ಪಕ್ಕದಲ್ಲಿ ಯಾರೂ ಇರಲಿಲ್ಲ. "ನೀನು ಹೋಗ್ಬಿಟ್ರೆ… ನಾನೊಬ್ನೇ… ರಾತ್ರಿ ಅವಳಿಗೆ ಏನಾದ್ರೂ ಆದ್ರೆ ಅಂತ… ಭಯ ಆಯ್ತು ಕಣೇ."

ಕೋಕಿಲಾ ಅವನ ಕೈಯ ಕುರ್ಚಿಯನ್ನು ತೆಗೆದು ಕೆಳಗಿಟ್ಟಳು. "ಅಷ್ಟೇನಾ?" ಎಂದಳು. "ಅದನ್ನೇ ಹೇಳಿದ್ರೆ ನಾನೇ ಉಳ್ಕೊಳ್ತಿದ್ದೆ. ಸಿಟ್ಟಾದ್ರೂ ನಿಮ್ಮ ಮೇಲಿರ್ತಿತ್ತು. ಮೂರು ವರ್ಷ ಅವಳ ಮುಖ ನೋಡ್ಲಿಲ್ಲ ನಾನು."

ಪರೀಕ್ಷೆಯ ಅವಧಿ ಮುಗಿದು ಯಂತ್ರ ಹೋಯಿತು. ಇದ್ದದ್ದೇ ಎರಡು ಟೋಪಿ. ಕೆಂಗೇರಿಯಲ್ಲಿ ಇನ್ನೊಬ್ಬರು ಕಾಯುತ್ತಿದ್ದರು. ಸೌಂದರ್ಯಾಳ ಸರದಿ ಮತ್ತೆ ಬರುವ ತನಕ ಅಕ್ಷರ ಓದುವ ಮನುಷ್ಯರೇ ಗತಿ. ಯಂತ್ರ ಹೋದ ಮರುದಿನ ಬೆಳಗ್ಗೆ ಪೂಜೆ ಮುಗಿಸಿ, ಅಂಗೈಯಿಂದ ಲಿಂಗ ತೆಗೆದು, ಚನ್ನವೀರೇಶ ಹೆಂಡತಿಯ ಮುಂದೆ ಕೂತ. ಆ ಭಾನುವಾರದಿಂದ ವಾಟ್ಸಾಪಿಗೆ ಏನೂ ಹೋಗಿರಲಿಲ್ಲ. ಎರಡು ಮದುವೆಗಳಿಗೆ ಗಂಟಲು ಸರಿಯಿಲ್ಲ ಎಂದು ಹೇಳಿದ್ದ.

"ಅಕ್ಷರ… ನಾನು ಓದ್ಲಾ?" ಎಂದು ಕೇಳಿದ. "ಮಧ್ಯ ಬಾಯಿ ಹಾಕಲ್ಲ."

ಸೌಂದರ್ಯಾ ಅವನನ್ನು ನೋಡಿದಳು. ನೋಡಿ, ಎರಡೂ ಕಣ್ಣು ಮುಚ್ಚಿದಳು.

ಸುಸ್ತು ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅವನು ಅದನ್ನು ನುಂಗಿದ. "ಬೇಡ" ಎಂದ, ತನಗೆ ತಾನೇ ಓದಿಕೊಳ್ಳುವ ಹಾಗೆ. "ಬೇಡ ಅಂತಿದೀಯ."

ಅವಳು ಕಣ್ಣು ತೆರೆದು ಗುಡ್ಡೆಯನ್ನು ಮೇಲೆತ್ತಿದಳು. ಹೌದು.

ಈಗ ಸಂಜೆ ಕಾಲೇಜಿನಿಂದ ಬಂದು ಕೋಕಿಲಾ ಅವ್ವನ ಪಕ್ಕ ಕೂರುತ್ತಾಳೆ. ಬಾಗಿಲು ಮುಂದೆ ಮಾಡಿಕೊಳ್ಳುತ್ತಾಳೆ. ಕಣ್ಣು ಸೋಲುವ ತನಕ ಒಂದು ಮಾತೋ ಎರಡು ಮಾತೋ. ಆಗಾಗ ನಗುವುದು ಕೇಳುತ್ತದೆ, "ಅಯ್ಯೋ ಅವ್ವಾ, ಹಂಗೆಲ್ಲ ಬೈಬಾರ್ದು!" ಎನ್ನುವುದೂ. ಯಾರನ್ನು ಬೈದಳೋ. ಚನ್ನವೀರೇಶ ನಡುಮನೆಯಲ್ಲಿ ನಳಿಕೆಯ ಗಂಜಿ ಆರಿಸುತ್ತ ಕೂತಿರುತ್ತಾನೆ. ಒಳಗಿನಿಂದ ಮಗಳ ದನಿ, ನಿಧಾನ, ಬಿಡಿಬಿಡಿಯಾಗಿ: ಪ ಸಾಲಾ? ಯ ಸಾಲಾ? ಒಂದು ಅಕ್ಷರ ನಿಲ್ಲುತ್ತದೆ. ಇನ್ನೊಂದು ನಿಲ್ಲುತ್ತದೆ. ಅಷ್ಟರಲ್ಲೇ ಅವನ ತುಟಿ ತಾನಾಗಿ ಆ ಪದ ಪೂರ್ತಿ ಮಾಡಲು ಹೊರಡುತ್ತದೆ.

ಅವನು ಎದ್ದು ಹಿತ್ತಲಿಗೆ ಹೋಗಿ, ನಲ್ಲಿಯನ್ನು ಜೋರಾಗಿ ತಿರುಗಿಸಿ, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯಲು ಕೂರುತ್ತಾನೆ.